ಪ್ರೀಮಿಯಂ ಕಟ್ಟದ ವಿಮೆ: ನಿಮ್ಮ ಪರವಾಗಿ ಒಬ್ಬ ವಕೀಲರು



ಪಶುವೈದ್ಯಾಧಿಕಾರಿ ಲೇಖನ ಬರೆದರೆ ಅದು ಕೆಚ್ಚಲು ಬಾವಿನದ್ದೋ, ಜಂತುಹುಳುವಿನದ್ದೋ, ಖನಿಜ ಮಿಶ್ರಣದ್ದೋ ಆಗಿರುತ್ತದೆ ಎಂದು ನಿಮಗೆ ಗೊತ್ತು. ಈ ಸಲ ಹಾಗಲ್ಲ. ಈ ಸಲ ಬರೆಯುತ್ತಿರುವುದು ವಕೀಲರ ಬಗ್ಗೆ. ದನದ ಡಾಕ್ಟರಿಗೂ ಕೋರ್ಟಿಗೂ ಎಂತ ಸಂಬಂಧ ಎಂದು ಕೇಳಬೇಡಿ. ನನಗೆ ಈ ವಿಷಯ ತಡವಾಗಿ ಗೊತ್ತಾದದ್ದರಿಂದ ಒಬ್ಬ ಅಕ್ಕನಿಗೆ ನಷ್ಟವಾಗಿದೆ. ನಿಮಗೆ ಹಾಗೆ ಆಗಬಾರದು ಎಂದು ಬರೆಯುತ್ತಿದ್ದೇನೆ.

ಉಪ್ಪುಂದದ ಹತ್ತಿರದ ಒಂದು ಹಟ್ಟಿ. ಎರಡು ದನ ಇದ್ದವು. ದೊಡ್ಡದು ಎಚ್.ಎಫ್. ಮಿಶ್ರತಳಿ, ಎರಡನೇ ಕರು ಹಾಕಿತ್ತು, ಎರಡೂ ಹೊತ್ತು ಸೇರಿ ಹದಿನಾಲ್ಕು ಲೀಟರ್ ಕೊಡುತ್ತಿತ್ತು. ಮಕ್ಕಳ ಫೀಸು, ಸಂಘದ ಸಾಲ, ಮನೆಯ ದಿನಸಿ ಎಲ್ಲವೂ ಅದರ ಮೇಲೆ. ಆಟಿಯ ಮಳೆಯಲ್ಲಿ ಉಣ್ಣಿಯಿಂದ ಬರುವ ಥೈಲೇರಿಯಾ ಜ್ವರ ಬಂತು. ಐದು ದಿನ ಚಿಕಿತ್ಸೆ ಮಾಡಿದೆವು. ಉಳಿಯಲಿಲ್ಲ. 50,000 ರೂಪಾಯಿಗೆ ವಿಮೆ ಇತ್ತು. ಮರಣೋತ್ತರ ಪರೀಕ್ಷೆ ಮಾಡಿ, ವರದಿಗೆ ಸಹಿ ಹಾಕಿ, "ಹಣ ಬರ್ತದೆ ಅಕ್ಕಾ, ಹೆದರಬೇಡಿ" ಎಂದು ಹೇಳಿ ಬಂದೆ.

ಮೂರು ತಿಂಗಳಾದ ಮೇಲೆ ಅವರು ಒಂದು ಕಾಗದ ಹಿಡಿದುಕೊಂಡು ಸಂಘಕ್ಕೆ ಬಂದರು. ಪೂರ್ತಿ ಇಂಗ್ಲಿಷ್. ಓದಿ ನೋಡಿದರೆ, ಪಾಲಿಸಿಯಲ್ಲಿರುವ ಕಿವಿಯೋಲೆ ಸಂಖ್ಯೆಗೂ ಸತ್ತ ದನದ ಕಿವಿಯೋಲೆಗೂ ಹೊಂದಿಕೆ ಇಲ್ಲ, ಆದ್ದರಿಂದ ಪರಿಹಾರ ಇಲ್ಲ ಎಂದಿತ್ತು. ಹನ್ನೆರಡು ಅಂಕಿಯಲ್ಲಿ ಕೊನೆಯ ಎರಡು ಅಂಕಿ ಅದಲು ಬದಲಾಗಿದ್ದವು. ಅರ್ಜಿ ತುಂಬಿದವರ ಕೈತಪ್ಪು. ದನ ಅದೇ, ಯಜಮಾನಿ ಅವರೇ, ಪ್ರೀಮಿಯಂ ಕಟ್ಟಿದ್ದೂ ನಿಜ.

"ಕಂಪನಿಗೆ ಒಂದು ಪತ್ರ ಬರೆಯಿರಿ, ಆಗದಿದ್ದರೆ ವಕೀಲರನ್ನು ನೋಡಿ" ಎಂದೆ ನಾನು. ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ: "ವಕೀಲ್ರಿಗೆ ಕೊಡುಕೆ ದುಡ್ಡೆಲ್ಲಿತ್ತ್ ಡಾಕ್ಟ್ರೆ? ಸತ್ತ ಗಂಟಿ ಸಲುವಾಗಿ ಇದ್ದ ಗಂಟಿ ಮಾರುದಾ?"

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕಾಗದ ಅವರ ಕಪಾಟು ಸೇರಿತು.

ಮೂರು ವರ್ಷವಾಗುತ್ತಾ ಬಂದಾಗ ಬೇರೊಂದು ಸಂಘದಲ್ಲಿ ಕಾನೂನು ಅರಿವು ಕಾರ್ಯಕ್ರಮ ಇತ್ತು. ನಾನು ಹೋದದ್ದು ಲಸಿಕೆಯ ಬಗ್ಗೆ ಹತ್ತು ನಿಮಿಷ ಮಾತಾಡಲಿಕ್ಕೆ. ಕುಂದಾಪುರದಿಂದ ಬಂದಿದ್ದ ವಕೀಲರೊಬ್ಬರು, "ಮಹಿಳೆಯರಿಗೆ ವಕೀಲರ ಖರ್ಚನ್ನು ಸರ್ಕಾರವೇ ಕೊಡುತ್ತದೆ, ಆದಾಯ ಎಷ್ಟೇ ಇರಲಿ" ಎಂದರು. ಕಾರ್ಯಕ್ರಮ ಮುಗಿದ ಮೇಲೆ ನಾನು ಆ ಅಕ್ಕನ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಂಪನಿಯ ಕಾಗದ ಬಂದು ಎಷ್ಟು ಸಮಯವಾಯ್ತು?" ಹೇಳಿದೆ. "ಎರಡು ವರ್ಷದೊಳಗೆ ಬಂದಿದ್ದರೆ ಗ್ರಾಹಕರ ಆಯೋಗದಲ್ಲಿ ಸುಲಭವಿತ್ತು. ಈಗ ಕಷ್ಟ" ಎಂದರು.

ಅಷ್ಟರಲ್ಲಿ ಆ ಅಕ್ಕ ಎರಡನೇ ದನವನ್ನೂ ಮಾರಿ ಗೇರುಬೀಜ ಕಾರ್ಖಾನೆಗೆ ಹೋಗಲು ಶುರು ಮಾಡಿದ್ದರು. ಅಲ್ಲಿ ಅವರಿಗೆ ಪಿ.ಎಫ್. ಇದೆ, ಇ.ಎಸ್.ಐ. ಕಾರ್ಡ್ ಇದೆ. ಇಪ್ಪತ್ತು ವರ್ಷ ಸಂಘಕ್ಕೆ ಹಾಲು ಹಾಕಿದಾಗ ಇದ್ಯಾವುದೂ ಇರಲಿಲ್ಲ.

ನೌಕರರಿಗೆ ಕೊಡುವ ಕಾನೂನು ವಿಮೆ

ಆರೋಗ್ಯ ವಿಮೆ ನಿಮಗೆ ಗೊತ್ತು. ನಮ್ಮ ಸಹಕಾರಿಗಳ ಯಶಸ್ವಿನಿ ಯೋಜನೆಯನ್ನೇ ತೆಗೆದುಕೊಳ್ಳಿ. 2003ರಲ್ಲಿ ಆರಂಭವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ ಇತ್ತು. 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಬಂತು. ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟುವುದು, ಆಪರೇಷನ್ ಬೇಕಾದವರಿಗೆ ಅದರಿಂದ ಖರ್ಚು ಕೊಡುವುದು. ವಿಮೆ ಎಂದರೆ ಇಷ್ಟೇ.

ಕಾಯಿಲೆಯ ಹಾಗೆಯೇ ವ್ಯಾಜ್ಯವೂ ಹೇಳಿ ಕೇಳಿ ಬರುವುದಿಲ್ಲ. ಅದಕ್ಕೂ ಹೀಗೆಯೇ ವಿಮೆ ಮಾಡುವ ಪದ್ಧತಿ ಹೊರದೇಶಗಳಲ್ಲಿ ಹಳೆಯದು. ಸ್ವೀಡನ್‌ನಲ್ಲಿ ಮನೆಯ ವಿಮೆ ಮಾಡಿಸಿದರೆ ಸಾಮಾನ್ಯವಾಗಿ ಅದರೊಳಗೇ ವಕೀಲರ ಖರ್ಚಿನ ಭಾಗವೂ ಇರುತ್ತದೆ. ಅಮೆರಿಕದಲ್ಲಿ ಮೋಟಾರು ಕಾರ್ಖಾನೆಯ ಕಾರ್ಮಿಕರ ಸಂಘ 1970ರ ದಶಕದಲ್ಲಿ ಕ್ರೈಸ್ಲರ್ ಕಂಪನಿಯೊಂದಿಗೆ ಮಾತುಕತೆ ಮಾಡಿ, ಸಂಬಳ, ಆಸ್ಪತ್ರೆ ಖರ್ಚುಗಳ ಜೊತೆಗೆ ವಕೀಲರ ಸೇವೆಯನ್ನೂ ಪಡೆದುಕೊಂಡಿತು. ಈಗ ಅಲ್ಲಿ ಬೇರೆ ಕಂಪನಿಗಳೂ ನೌಕರರಿಗೆ ಇಂಥ ಸೌಲಭ್ಯ ಕೊಡುತ್ತವೆ. ಮನೆ ಬಾಡಿಗೆಯ ತಕರಾರು, ಉಯಿಲು ಬರೆಸುವುದು, ಸಾಲದವರ ನೋಟಿಸು ಇಂಥದ್ದಕ್ಕೆಲ್ಲ ನೌಕರರು ಫೋನು ಮಾಡಿದರೆ ವಕೀಲರು ಸಿಗುತ್ತಾರೆ.

ಕಂಪನಿಗೆ ಇದರಿಂದ ಎಂತ ಲಾಭ? ಕೋರ್ಟಿನ ಚಿಂತೆ ಇರುವವರಿಗೆ ಕೆಲಸದ ಮೇಲೆ ಗಮನ ಇರುವುದಿಲ್ಲ, ರಜೆ ಹೆಚ್ಚಾಗುತ್ತದೆ, ಕೆಲವರು ಕೆಲಸವನ್ನೇ ಬಿಡುತ್ತಾರೆ. ನಮ್ಮ ಆ ಅಕ್ಕ ಹೈನುಗಾರಿಕೆ ಬಿಟ್ಟ ಹಾಗೆಯೇ. ಅವರ ಹಾಲು ಸಂಘಕ್ಕೆ ತಪ್ಪಿತಲ್ಲ, ಅದೂ ನಷ್ಟವೇ.

ನಮ್ಮ ದೇಶದಲ್ಲಿ ಇಂಥ ವಿಮೆ ಇನ್ನೂ ಅಪರೂಪ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹಾಲು ಹಾಕುವ ನೀವು ನೌಕರರಲ್ಲ. ಸಹಕಾರ ಸಂಘದಲ್ಲಿ ನೀವು ಸದಸ್ಯರು, ಅಂದರೆ ಮಾಲೀಕರು. ಸಂಘದ ಕಾರ್ಯದರ್ಶಿ, ಹಾಲು ಪರೀಕ್ಷಕರು ನೌಕರರು. ಅವರಿಗೆ ಸೌಲಭ್ಯ ಕೊಡಬೇಕಾದವರು ನೀವು. ನಿಮಗೆ ಕೊಡುವವರು ಯಾರು?

ಕೊಡುವವರು ಆಗಲೇ ಕೊಟ್ಟಾಗಿದೆ.

ನಿಮ್ಮ ಹೆಸರಿನಲ್ಲಿ ಆಗಲೇ ಇರುವ ರಕ್ಷಣೆ

ಬಡತನದಿಂದಾಗಿ ಯಾರಿಗೂ ನ್ಯಾಯ ತಪ್ಪಬಾರದು, ಉಚಿತ ಕಾನೂನು ನೆರವು ಕೊಡಬೇಕು ಎಂದು ಸಂವಿಧಾನದ 39ಎ ವಿಧಿ ಹೇಳುತ್ತದೆ. 1976ರ ತಿದ್ದುಪಡಿಯಲ್ಲಿ ಸೇರಿದ ವಿಧಿ ಇದು. ಅದನ್ನು ಕಾರ್ಯಕ್ಕೆ ತರಲು ಮಾಡಿದ್ದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಆ ದಿನವನ್ನು ಪ್ರತಿ ವರ್ಷ ಕಾನೂನು ಸೇವಾ ದಿನ ಎಂದು ಆಚರಿಸುತ್ತಾರೆ.

ಈ ಕಾಯ್ದೆಯ 12ನೇ ಕಲಂನಲ್ಲಿ ಉಚಿತ ನೆರವಿಗೆ ಯಾರು ಅರ್ಹರು ಎಂಬ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಪ್ರವಾಹ, ಭೂಕಂಪದಂಥ ವಿಕೋಪಕ್ಕೆ ಸಿಕ್ಕಿದವರು, ಬಂಧನದಲ್ಲಿರುವವರು ಎಲ್ಲರೂ ಅದರಲ್ಲಿದ್ದಾರೆ. ಅದೇ ಪಟ್ಟಿಯಲ್ಲಿ "ಮಹಿಳೆ ಅಥವಾ ಮಗು" ಎಂದೂ ಇದೆ. ಬಡ ಮಹಿಳೆ ಎಂದಿಲ್ಲ, ವಿಧವೆ ಎಂದಿಲ್ಲ. ಎಲ್ಲ ಮಹಿಳೆಯರೂ. ಆದಾಯ ಪ್ರಮಾಣಪತ್ರ ಬೇಡ, ಬಿ.ಪಿ.ಎಲ್. ಕಾರ್ಡು ಬೇಡ. ಪಟ್ಟಿಯ ಬೇರೆ ವರ್ಗಗಳಿಗೆ ಸೇರದ ಗಂಡಸರು ಅರ್ಜಿ ಹಾಕಿದರೆ ಮಾತ್ರ ವಾರ್ಷಿಕ ಆದಾಯದ ಮಿತಿ ನೋಡುತ್ತಾರೆ.

ಈ ಕಾರಣಕ್ಕೇ ನಿಮ್ಮಲ್ಲಿ ಒಂದು ಮಾತು ಹೇಳಬೇಕು. ಹಟ್ಟಿ ತೊಳೆಯುವುದು, ಹುಲ್ಲು ತರುವುದು, ಹಾಲು ಕರೆಯುವುದು, ನಡುರಾತ್ರಿ ಕರು ಎಳೆಯುವುದು ನೀವು. ಸಂಘದ ಸದಸ್ಯತ್ವ, ಬ್ಯಾಂಕ್ ಖಾತೆ, ದನದ ಪಾಲಿಸಿ ಮಾತ್ರ ಎಷ್ಟೋ ಮನೆಯಲ್ಲಿ ಯಜಮಾನರ ಹೆಸರಿನಲ್ಲಿ. ಅವರು ಬೆಂಗಳೂರಿನ ಹೋಟೆಲಿನಲ್ಲೋ, ಮುಂಬೈಯಲ್ಲೋ, ಗಲ್ಫಿನಲ್ಲೋ ಇರುತ್ತಾರೆ. ದನ ಸತ್ತಾಗ ಸಹಿ ಹಾಕಲಿಕ್ಕೆ ಅವರು ಬೇಕು. ತಕರಾರು ಬಂದರೆ ಅರ್ಜಿದಾರರೂ ಅವರೇ. ಪಾಲಿಸಿ ನಿಮ್ಮ ಹೆಸರಿನಲ್ಲಿದ್ದರೆ ಸಹಿ ನಿಮ್ಮದು, ಹಣ ನಿಮ್ಮ ಖಾತೆಗೆ, ಕಾನೂನು ನೆರವು ನಿಮಗೆ. ಮುಂದಿನ ಸಲ ವಿಮೆ ನವೀಕರಿಸುವಾಗ ಇದನ್ನು ಮನೆಯಲ್ಲಿ ಕೂತು ಮಾತಾಡಿ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಸಮಿತಿಯ ಪಟ್ಟಿಯಲ್ಲಿರುವ ವಕೀಲರೊಬ್ಬರನ್ನು ನಿಮಗೆ ನೇಮಿಸಿಕೊಡುತ್ತಾರೆ. ಅವರ ಫೀಸು ಸಮಿತಿಯದ್ದು. ಕೋರ್ಟ್ ಶುಲ್ಕ, ನೋಟಿಸಿನ ಖರ್ಚು, ಅರ್ಜಿ ಬರೆಸುವ ಖರ್ಚು, ದಾಖಲೆಗಳ ದೃಢೀಕೃತ ನಕಲು ಇವೂ ನಿಮ್ಮ ಮೇಲೆ ಬೀಳುವುದಿಲ್ಲ. ಆ ವಕೀಲರು ನಿಮ್ಮಿಂದ ಹಣ ಕೇಳುವ ಹಾಗಿಲ್ಲ. ಕೇಳಿದರೆ, ಅಥವಾ ಕೇಸಿನ ಕಡೆ ಗಮನವೇ ಕೊಡದಿದ್ದರೆ, ಸಮಿತಿಗೆ ತಿಳಿಸಿ ಬೇರೆಯವರನ್ನು ಕೇಳಬಹುದು.

ಈ ಸೇವೆ ಸಿವಿಲ್, ಕ್ರಿಮಿನಲ್ ಕೋರ್ಟಿಗೆ ಮಾತ್ರ ಅಲ್ಲ. ಕಂದಾಯ ನ್ಯಾಯಾಲಯ, ಗ್ರಾಹಕರ ಆಯೋಗದಂಥ ಕಡೆಗೂ ಅನ್ವಯಿಸುತ್ತದೆ. ದನದ ವಿಮೆ ಮಾತ್ರವಲ್ಲ, ಆಸ್ತಿ ಪಾಲು, ಜೀವನಾಂಶ, ಮನೆಯೊಳಗಿನ ಹಿಂಸೆ, ಹಟ್ಟಿಗೆ ಹೋಗುವ ದಾರಿಯ ತಕರಾರು, ಸಾಲದ ನೋಟಿಸು ಯಾವುದಕ್ಕೂ ಕೇಳಬಹುದು. ಕೇಸು ಹಾಕಲಿಕ್ಕೇ ಹೋಗಬೇಕೆಂದಿಲ್ಲ. ಬಂದ ಕಾಗದ ಓದಿ ಅರ್ಥ ಹೇಳಿ ಎಂದು ಕೇಳಲಿಕ್ಕೂ ಹೋಗಬಹುದು.

ಇದರ ಮಿತಿಯನ್ನೂ ಹೇಳಬೇಕು. ಮೇಲ್ನೋಟಕ್ಕೆ ಕೇಸಿನಲ್ಲಿ ಸತ್ವ ಇದೆಯೇ ಎಂದು ಸಮಿತಿ ನೋಡುತ್ತದೆ. ಸತ್ವವೇ ಇಲ್ಲದಿದ್ದರೆ ನಿರಾಕರಿಸಬಹುದು. ನಿಮಗೆ ಗುರುತಿರುವ ವಕೀಲರೇ ಸಿಗುತ್ತಾರೆ ಎಂದಿಲ್ಲ. ಬೆಳಿಗ್ಗೆ ಹೋದರೆ ಸಂಜೆಗೆ ತೀರ್ಮಾನವಾಗುವುದೂ ಇಲ್ಲ. ಹೊರದೇಶದ ನೌಕರರ ಹಾಗೆ ಫೋನಿನಲ್ಲೇ ಎಲ್ಲ ಮುಗಿಯುವುದಿಲ್ಲ, ಓಡಾಟ ಇದೆ. ಆದರೆ "ವಕೀಲ್ರಿಗೆ ಕೊಡುಕೆ ದುಡ್ಡೆಲ್ಲಿತ್ತ್" ಎಂಬ ಒಂದೇ ಕಾರಣಕ್ಕೆ ಮನೆಯಲ್ಲಿ ಕೂರಬೇಕಾಗಿಲ್ಲ.

ಹೋಗಬೇಕಾದದ್ದು ಎಲ್ಲಿಗೆ? ನಮ್ಮ ಕಡೆಯವರಿಗೆ ಕುಂದಾಪುರದ ನ್ಯಾಯಾಲಯದ ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಉಡುಪಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮನೆಯಿಂದಲೇ ವಿಚಾರಿಸಬೇಕೆಂದರೆ 15100 ಎಂಬ ಸಹಾಯವಾಣಿ. ಇಡೀ ದೇಶಕ್ಕೆ ಒಂದೇ ಸಂಖ್ಯೆ. ಅರ್ಜಿಯನ್ನು ಕನ್ನಡದಲ್ಲೇ, ಬಿಳಿ ಹಾಳೆಯ ಮೇಲೆ ಬರೆದು ಕೊಡಬಹುದು. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿ, ಅಲ್ಲಿಯವರು ಬರೆದುಕೊಳ್ಳುತ್ತಾರೆ.

ದನದ ವಿಮೆ ತಿರಸ್ಕಾರವಾದರೆ

ಇಲ್ಲಿ ನನ್ನ ಕೆಲಸಕ್ಕೂ ವಕೀಲರ ಕೆಲಸಕ್ಕೂ ಗಂಟು ಬೀಳುತ್ತದೆ. ಕೋರ್ಟಿನಲ್ಲಿ ಏನಾಗುತ್ತದೆ ಎಂಬುದು ಹೆಚ್ಚಾಗಿ ದನ ಸತ್ತ ದಿನ ಹಟ್ಟಿಯಲ್ಲಿ ನಾವು ಏನು ಮಾಡಿದೆವು ಎಂಬುದರ ಮೇಲೆ ನಿಂತಿರುತ್ತದೆ.

ಪಾಲಿಸಿ ಕೈಗೆ ಬಂದ ದಿನವೇ ದನದ ಕಿವಿ ಹಿಡಿದು ಓಲೆಯ ಹನ್ನೆರಡು ಅಂಕಿಯನ್ನೂ ಒಂದೊಂದಾಗಿ ಪಾಲಿಸಿಯೊಂದಿಗೆ ತಾಳೆ ನೋಡಿ. ತಪ್ಪಿದ್ದರೆ ಆಗಲೇ ತಿದ್ದಿಸಿ. ದನ ಬದುಕಿರುವಾಗ ಅದು ಒಂದು ದಿನದ ಕೆಲಸ. ಸತ್ತ ಮೇಲೆ ವರ್ಷಗಟ್ಟಲೆಯ ಕೆಲಸ. ಓಲೆ ಬಿದ್ದುಹೋದರೆ ಕಂಪನಿಗೂ ನಮಗೂ ತಿಳಿಸಿ, ಹೊಸದು ಹಾಕಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಗೆ ಸೇರಿಸಿ. ಓಲೆ ಇಲ್ಲದಿದ್ದರೆ ಪರಿಹಾರ ಇಲ್ಲ ಎಂಬುದು ವಿಮೆಯವರ ಮೊದಲ ಮಾತು.

ದನ ಸತ್ತರೆ ಹೂಳುವ ಮೊದಲು ಕಂಪನಿಗೆ ಫೋನು ಮಾಡಿ, ಜೊತೆಗೆ ಮೆಸೇಜೋ ವಾಟ್ಸಾಪೋ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ, ಬರೆದದ್ದಕ್ಕೆ ಇದೆ. ಓಲೆಯ ಸಂಖ್ಯೆ ಕಾಣುವ ಹಾಗೆ ಹತ್ತಿರದಿಂದ ಒಂದು ಫೋಟೋ, ಇಡೀ ದನ ಕಾಣುವ ಹಾಗೆ ಇನ್ನೊಂದು ಫೋಟೋ ತೆಗೆಯಿರಿ. ಮರಣೋತ್ತರ ಪರೀಕ್ಷೆ ಮಾಡಿಸಿ. ವರದಿಯ ಒಂದು ಪ್ರತಿಯನ್ನು ನೀವು ಕೇಳಿ ಪಡೆಯಿರಿ. ಮೊದಲು ಚಿಕಿತ್ಸೆ ಮಾಡಿದ್ದರೆ ಅದರ ಚೀಟಿಗಳನ್ನೂ ಇಟ್ಟುಕೊಳ್ಳಿ. ಕಾಯಿಲೆ ಬಂದಾಗ ಯಜಮಾನಿ ಸುಮ್ಮನಿರಲಿಲ್ಲ ಎಂದು ಹೇಳುವುದು ಅವೇ.

ಮಾರಿಯಂತೆ ಬಂದ ಕಾಗದಕ್ಕೆ ಹೆದರಬೇಡಿ. ತಿರಸ್ಕಾರದ ಕಾಗದ ಬಂದರೆ ಮೊದಲು ಅದರ ತಾರೀಕು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ದಿನದಿಂದ ಲೆಕ್ಕ ಶುರು.

ಮೊದಲ ಹೆಜ್ಜೆ, ಕಂಪನಿಯ ಕುಂದುಕೊರತೆ ವಿಭಾಗಕ್ಕೆ ಬರಹದಲ್ಲಿ ದೂರು. ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಕಾಣದಿದ್ದರೆ, ಮುಂದಿನ ದಾರಿಗಳು ಮೂರು.

ಒಂದು, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರು. ಒಂದು ವರ್ಷದೊಳಗೆ ದೂರು ಕೊಡಬೇಕು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ಎರಡು, ಉಡುಪಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ ದೂರು ಕೊಡಬೇಕು. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ದನದ ವಿಮೆಯಂಥ ಸಣ್ಣ ಮೊತ್ತಕ್ಕೆ ಶುಲ್ಕ ಇಲ್ಲ. ನೀವೇ ವಾದಿಸಬಹುದು, ಇಲ್ಲವೇ ಉಚಿತ ನೆರವಿನ ವಕೀಲರನ್ನು ಕೇಳಬಹುದು.

ಮೂರು, ಲೋಕ ಅದಾಲತ್. ಕೇಸು ಹಾಕುವ ಮೊದಲೇ ಕಾನೂನು ಸೇವಾ ಸಮಿತಿಯ ಮೂಲಕ ಕಂಪನಿಯವರನ್ನು ಕರೆಸಿ ರಾಜಿಗೆ ಕೂರಿಸಬಹುದು. ಇಬ್ಬರೂ ಒಪ್ಪಿ ಸಹಿ ಹಾಕಿದರೆ ಅದಕ್ಕೆ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಮೇಲ್ಮನವಿ ಇಲ್ಲ. ವಿಮೆ, ವಿದ್ಯುತ್, ನೀರು, ಸಾರಿಗೆಯಂಥ ಸಾರ್ವಜನಿಕ ಸೇವೆಗಳ ತಕರಾರಿಗೆ ಮಂಗಳೂರಿನಲ್ಲಿ ಖಾಯಂ ಲೋಕ ಅದಾಲತ್ ಇದೆ. ರಾಜಿ ಆಗದಿದ್ದರೆ ಅದು ತಾನೇ ತೀರ್ಪು ಕೊಡಬಲ್ಲದು.

ಒಂದೇ ತಕರಾರನ್ನು ಎರಡು ಕಡೆ ಒಟ್ಟಿಗೆ ಹಾಕಬೇಡಿ. ಯಾವ ದಾರಿ ನಿಮಗೆ ಸರಿ ಎಂದು ಸಮಿತಿಯ ವಕೀಲರನ್ನೇ ಕೇಳಿ.

"ತಡವಾಗಿ ತಿಳಿಸಿದಿರಿ" ಎಂಬ ಕಾರಣಕ್ಕೆ ತಿರಸ್ಕಾರ ಬಂದವರು ಒಂದು ವಿಷಯ ನೆನಪಿಡಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಪ್ರಾಮಾಣಿಕ ಕ್ಲೈಮನ್ನು ತಳ್ಳಿಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವೇ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಕಂಪನಿಗಳಿಗೆ ಹೇಳಿದೆ. ತಡಕ್ಕೆ ನಿಜವಾದ ಕಾರಣ ಇದ್ದರೆ ಅದನ್ನು ಬರೆದು ತಿಳಿಸಿ.

ಹೆದ್ದಾರಿ, ತಂತಿ ಮತ್ತು ಸಂಘ

ವಿಮೆ ಮಾಡಿಸದ ದನ ಸತ್ತರೂ ಎಲ್ಲ ಸಲ ಬರಿಗೈ ಅಲ್ಲ. ನಮ್ಮ ಊರನ್ನು ಸೀಳಿಕೊಂಡೇ ರಾಷ್ಟ್ರೀಯ ಹೆದ್ದಾರಿ 66 ಹೋಗುತ್ತದೆ. ಮೇಯಲು ಬಿಟ್ಟ ದನಕ್ಕೆ ವಾಹನ ಗುದ್ದಿದರೆ ಪೊಲೀಸರಿಗೆ ದೂರು ಕೊಡಿ, ವಾಹನದ ನಂಬರ್ ಬರೆದಿಟ್ಟುಕೊಳ್ಳಿ. ದನ ನಿಮ್ಮ ಆಸ್ತಿ. ಆಸ್ತಿ ನಷ್ಟಕ್ಕೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಲು ಅವಕಾಶ ಇದೆ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಿ. ದನವನ್ನು ಹೆದ್ದಾರಿಗೆ ಬಿಟ್ಟದ್ದು ನಿಮ್ಮ ತಪ್ಪು ಎಂದು ಎದುರಿನವರು ಹೇಳುತ್ತಾರೆ, ಆ ಮಾತಿಗೂ ತಯಾರಿರಬೇಕು.

ಮಳೆಗಾಲದಲ್ಲಿ ಗಾಳಿಗೆ ತಂತಿ ಹರಿದು ಬಿದ್ದು ದನ ಸಾಯುವುದುಂಟು. ದನವನ್ನು ಮುಟ್ಟಲು ಹೋಗಬೇಡಿ. ಮೊದಲು ನಿಮ್ಮ ಜೀವ. ವಿದ್ಯುತ್ ಕಚೇರಿಗೂ ಪೊಲೀಸರಿಗೂ ತಿಳಿಸಿ, ಫೋಟೋ ತೆಗೆದು, ಮರಣೋತ್ತರ ಪರೀಕ್ಷೆ ಮಾಡಿಸಿ. ಪರಿಹಾರದ ಅರ್ಜಿಗೆ ಇವೇ ಆಧಾರ.

ಸಂಘದ ಮೇಲೆಯೇ ತಕರಾರು ಇದ್ದರೆ? ಸದಸ್ಯರಿಗೂ ಸಂಘಕ್ಕೂ ನಡುವಿನ ವ್ಯಾಜ್ಯ, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಪ್ರಕಾರ, ಸಿವಿಲ್ ಕೋರ್ಟಿಗಲ್ಲ, ಸಹಕಾರ ಸಂಘಗಳ ನಿಬಂಧಕರ ಮುಂದೆ ಹೋಗಬೇಕು. ಇದನ್ನು ಸಂಘದ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ಮಾಲೀಕರಿಗೆ ಗೊತ್ತಿರಬೇಕಾದ ವಿಷಯ ಅದು.

ಒಂದು ಚೀಲ, ಒಂದು ಮೊಳೆ

ನಮ್ಮೂರಿನ ಮಳೆಗೆ ಕಾಗದ ಉಳಿಯುವುದಿಲ್ಲ. ಬೂಸ್ಟು ಹಿಡಿಯುತ್ತದೆ, ಗೆದ್ದಲು ತಿನ್ನುತ್ತದೆ. ಜಿಪ್ ಇರುವ ಒಂದು ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳಿ. ಅದರಲ್ಲಿ ಪಾಲಿಸಿಯ ಪ್ರತಿ, ಪ್ರೀಮಿಯಂ ಕಟ್ಟಿದ ರಶೀದಿ, ಸಂಘದ ಪಾಸ್ ಪುಸ್ತಕ, ಬ್ಯಾಂಕ್ ಪಾಸ್ ಪುಸ್ತಕದ ಮೊದಲ ಪುಟದ ನಕಲು, ಆಧಾರ್ ನಕಲು, ಚಿಕಿತ್ಸೆ ಮತ್ತು ಲಸಿಕೆಯ ಚೀಟಿ, ದನ ಕೊಂಡ ಲೆಕ್ಕ ಇವಿಷ್ಟನ್ನು ಹಾಕಿ, ಒಳಗಿನ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿ. ಎಲ್ಲವನ್ನೂ ಮಕ್ಕಳ ಹತ್ತಿರ ಮೊಬೈಲಿನಲ್ಲಿ ಫೋಟೋ ತೆಗೆಸಿಡಿ. ಯಾವುದೇ ಕಚೇರಿಗೆ ಕಾಗದ ಕೊಟ್ಟರೆ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.

ಸಂಘಗಳು ಏನು ಮಾಡಬಹುದು

ಆಡಳಿತ ಮಂಡಳಿಯಲ್ಲಿರುವ ಅಕ್ಕಂದಿರಲ್ಲಿ ನಾಲ್ಕು ವಿನಂತಿಗಳಿವೆ. ಹೊಸ ಯೋಜನೆ ಬೇಡ, ದೊಡ್ಡ ಹಣವೂ ಬೇಡ.

ವರ್ಷಕ್ಕೊಮ್ಮೆ ತಾಲೂಕು ಕಾನೂನು ಸೇವಾ ಸಮಿತಿಗೆ ಪತ್ರ ಬರೆದು ಸಂಘದಲ್ಲೇ ಕಾನೂನು ಅರಿವು ಕಾರ್ಯಕ್ರಮ ಇಡಿಸಿ. ಜಾನುವಾರು ಆರೋಗ್ಯ ಶಿಬಿರದ ದಿನವೇ ಇಟ್ಟರೆ ಹೆಂಗಸರಿಗೆ ಎರಡು ಸಲ ಬರುವ ತೊಂದರೆ ತಪ್ಪುತ್ತದೆ. ಸದಸ್ಯೆಯರಲ್ಲಿ ಓದು ಬರಹ ಚೆನ್ನಾಗಿ ಬಲ್ಲ ಒಬ್ಬರನ್ನು ಅರೆ ಕಾನೂನು ಸ್ವಯಂಸೇವಕಿಯಾಗಲು ಕಳಿಸಿ. ಆ ತರಬೇತಿಯನ್ನು ಕಾನೂನು ಸೇವಾ ಪ್ರಾಧಿಕಾರವೇ ಕೊಡುತ್ತದೆ. 15100 ಸಂಖ್ಯೆಯನ್ನು ಹಾಲು ಅಳೆಯುವ ಕಿಟಕಿಯ ಪಕ್ಕ ದೊಡ್ಡದಾಗಿ ಬರೆಸಿ. ಇನ್ನು, ಸಂಘದ ಮೂಲಕ ಗುಂಪು ವಿಮೆ ಮಾಡಿಸುವಾಗ ಪ್ರತಿ ಸದಸ್ಯೆಗೆ ಪಾಲಿಸಿಯ ವಿವರ ಕನ್ನಡದಲ್ಲಿ ಕೊಡಿ ಎಂದು ಕಂಪನಿಯನ್ನು ಕೇಳಿ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರ ಬದಲಾವಣೆಯ ನಂತರ ರೈತರು ಕಟ್ಟಬೇಕಾದ ಪಾಲು ಪ್ರೀಮಿಯಂನ ಶೇ. 15ಕ್ಕೆ ಇಳಿದಿದೆ. ವಿಮೆ ಅಗ್ಗವಾದಷ್ಟು ಹೆಚ್ಚು ದನಗಳಿಗೆ ಪಾಲಿಸಿ ಬರುತ್ತದೆ. ತಕರಾರೂ ಅದರ ಜೊತೆ ಬರುವುದೇ.

ಸಂಘದ ನೌಕರರಿಗೆ ಕಾನೂನು ವಿಮೆ ಕೊಡಿಸುವ ದಿನ ಮುಂದೆ ಬಂದರೆ ಒಳ್ಳೆಯದೇ. ಕಾರ್ಯದರ್ಶಿ, ಹಾಲು ಪರೀಕ್ಷಕಿ ಇವರಲ್ಲಿ ಎಷ್ಟೋ ಜನ ಮಹಿಳೆಯರು. ಇಲ್ಲಿ ಬರೆದ ಉಚಿತ ನೆರವು ಇವತ್ತೇ ಅವರಿಗೂ ಇದೆ.

ಹಾಲು ಹಾಕಿ ಹೋಗಿ, ಹಾಲು ಕರೆಯುವ ಹೊತ್ತಿಗೆ ಬಂದವರು

ಕಳೆದ ವರ್ಷ ಪಕ್ಕದ ಊರಿನ ಒಬ್ಬ ಸದಸ್ಯೆಗೆ ಹೀಗೆಯೇ ಆಯಿತು. ಶನಿವಾರ ರಾತ್ರಿ ದನ ಸತ್ತಿತು. ಭಾನುವಾರ ಫೋನು ಹತ್ತಲಿಲ್ಲ, ಸೋಮವಾರ ರಜೆ, ಮಂಗಳವಾರ ತಿಳಿಸಿದರು. ತಡವಾಯಿತೆಂದು ಕ್ಲೈಮ್ ತಿರಸ್ಕಾರವಾಯಿತು. ಈ ಸಲ ನಾನು "ಪತ್ರ ಬರೆಯಿರಿ" ಎಂದು ಹೇಳಿ ಸುಮ್ಮನಾಗಲಿಲ್ಲ. ವರದಿಯ ಪ್ರತಿ, ಓಲೆಯ ಫೋಟೋ, ಅವರ ಮೊಬೈಲಿನಲ್ಲಿದ್ದ ಭಾನುವಾರದ ಕರೆಗಳ ಪಟ್ಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಸಿ ಕುಂದಾಪುರಕ್ಕೆ ಕಳಿಸಿದೆ. ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬಸ್ಸು ಹತ್ತಿದವರು ಸಂಜೆ ಹಾಲು ಕರೆಯುವ ಹೊತ್ತಿಗೆ ಹಟ್ಟಿಯಲ್ಲಿದ್ದರು. ಹಾಗೆ ಮೂರು ಸಲ ಹೋದರು. ಸಮಿತಿಯಿಂದ ಕಂಪನಿಗೆ ನೋಟಿಸು ಹೋಯಿತು. ಲೋಕ ಅದಾಲತ್ತಿನಲ್ಲಿ 45,000 ರೂಪಾಯಿಯ ಪಾಲಿಸಿಗೆ 40,000ಕ್ಕೆ ರಾಜಿಯಾಯಿತು. ಅವರ ಖರ್ಚು ಬಸ್ಸಿನ ಟಿಕೇಟು ಮತ್ತು ನಕಲು ಪ್ರತಿ ತೆಗೆಸಿದ್ದು ಮಾತ್ರ.

ಆ ಹಣಕ್ಕೆ ಇನ್ನಷ್ಟು ಸೇರಿಸಿ ಒಂದು ಜರ್ಸಿ ಮಿಶ್ರತಳಿ ತಂದರು. ಮೊನ್ನೆ ಅದಕ್ಕೆ ಗರ್ಭ ಪರೀಕ್ಷೆ ಮಾಡಲು ಹೋಗಿದ್ದೆ. ಐದು ತಿಂಗಳು. ಗೋಡೆಯ ಮೇಲೆ ಚೀಲ ನೇತಾಡುತ್ತಿತ್ತು. ಹೊಸ ಪಾಲಿಸಿ ಅವರ ಹೆಸರಿನಲ್ಲೇ ಇತ್ತು. ಓಲೆಯ ಸಂಖ್ಯೆಯನ್ನು ನಾನು ಕೇಳುವ ಮೊದಲೇ ಬಾಯಿಪಾಠ ಒಪ್ಪಿಸಿದರು.

ಗೇರುಬೀಜ ಕಾರ್ಖಾನೆಗೆ ಹೋಗುವ ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಈಗಲೂ ಮಾತಾಡಿಸುತ್ತಾರೆ, ಅವರಿವರ ದನ ಹೇಗಿದೆ ಎಂದು ಕೇಳುತ್ತಾರೆ. ನನ್ನ ಮೇಲೆ ಅವರಿಗೆ ಬೇಸರ ಇಲ್ಲ. ನನಗೆ ಮಾತ್ರ ಆ ಕಾಗದ ನೆನಪಾಗುತ್ತದೆ. ನಿಮ್ಮ ಕಪಾಟಿನಲ್ಲೂ ಅಂಥ ಒಂದು ಕಾಗದ ಇದ್ದರೆ, ಇವತ್ತು ಸಂಜೆಯ ಹಾಲು ಹಾಕಿ ಬಂದ ಮೇಲೆ ಅದನ್ನು ತೆಗೆದು ತಾರೀಕು ನೋಡಿ. ಎರಡು ವರ್ಷ ಆಗಿರದಿದ್ದರೆ ನಾಳೆಯೇ 15100ಕ್ಕೆ ಫೋನು ಮಾಡಿ. ಎರಡು ವರ್ಷ ದಾಟಿದ್ದರೂ ಒಮ್ಮೆ ವಕೀಲರಿಗೆ ತೋರಿಸಿ. ಕೇಳಿದ್ದಕ್ಕೆ ಯಾರೂ ಹಣ ತೆಗೆದುಕೊಳ್ಳುವುದಿಲ್ಲ.